ಮೂಗಿನ ರುಜು

ಅಕ್ಟೋಬರ್ 9, ಸೋಮವಾರ. ಬೆಳಗ್ಗೆ 6.40

ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ ಬರೆದುಕೊಟ್ಟ ತಪ್ಪೊಪ್ಪಿಗೆ. ವೆಸೆಲ್ಕೊ ಎಂಬ ನಾನು, ವಯಸ್ಸು ಐವತ್ತಮೂರು, ಕಲ್ಲಿದ್ದಲು ಬೇಯಿಸಿ ಕೋಕ್ ಮಾಡುವ ಕಾರ್ಖಾನೆಯ ಕೊಳೆನೀರು ಘಟಕದ ಮೇಸ್ತ್ರಿ, ಈ ದಿನ ಬೆಳಗ್ಗೆ ಆರಕ್ಕೆ ಬ್ಯಾಕ್ಟೀರಿಯಾಗಳ ಪಡಿತರದಿಂದ ಒಂದೂವರೆ ಲೋಟ ಕದ್ದು ಕುಡಿದಿದ್ದೇನೆ. ಸಾಕ್ಷಿಗಳು: ಕೋಟ್ಯಂತರ. ದೂರು ಕೊಟ್ಟವರು: ಯಾರೂ ಇಲ್ಲ. ಕಡಿಮೆಯಾದಷ್ಟು ನೀರು ಬೆರೆಸಿ ಅಳತೆ ಸರಿಮಾಡಿದ್ದೇನೆ. ಅದು ಎರಡನೆಯ ಅಪರಾಧ.

ಪ್ಲಮ್ ಹಣ್ಣಿನ ಕಾಲ. ಇಡೀ ಬೋಸ್ನಿಯಾದ ಹಿತ್ತಿಲಲ್ಲಿ ಈಗ ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಭಟ್ಟಿ. ಮೊದಲ ಧಾರೆ ವಿಷ, ಕುಡಿದರೆ ಕಣ್ಣು ಹೋದೀತು, ಮಂಡಿಗೆ ತಿಕ್ಕಲು ಮಾತ್ರ. ಕೊನೆಯ ಧಾರೆ ಸಪ್ಪೆ. ನೆನೆದ ಕುರಿಯ ವಾಸನೆ ಅಂತಾರೆ. ನಡುವಿನದು ಮನುಷ್ಯರಿಗೆ. ತಲೆ ಬಾಲ ಎರಡೂ ನಮ್ಮ ಮೂರನೆಯ ತೊಟ್ಟಿಗೆ. ಕಂಪನಿ ಮದ್ಯಸಾರ ಕೊಳ್ಳುವುದನ್ನು ನಿಲ್ಲಿಸಿ ಎರಡು ವರ್ಷ. ಅಂದಿನಿಂದ ಕೆಲಸದವರೇ ಮನೆಯಿಂದ ಕ್ಯಾನುಗಳಲ್ಲಿ ತಂದು ಸುರಿಯುತ್ತಾರೆ. ಬೇರೆಯವರು ದೇವರಿಗೆ ಮೀಸಲಿಡುತ್ತಾರೆ, ನಾವು ಬ್ಯಾಕ್ಟೀರಿಯಾಕ್ಕೆ.

ನಾನು ಕುಡಿದದ್ದು ಕೊನೆಯ ಧಾರೆ. ಕುರಿ ಗಿರಿ ಏನೂ ಸಿಗಲಿಲ್ಲ. ಜನರಿಗೆ ನಾಲಿಗೆ ಜಾಸ್ತಿ.

ಮೂರು ತೊಟ್ಟಿ, ಮೂವರು ಅಳಿಯಂದಿರು. ಮೊದಲನೆಯವನು ಫೀನಾಲ್ ತಿನ್ನುತ್ತಾನೆ. ಕಲ್ಲಿದ್ದಲು ಸುಟ್ಟ ನೀರಿನ ಘಾಟು ವಿಷವನ್ನು ಹಪ್ಪಳದಂತೆ ಕುರುಕುವ ಒರಟ. ಎರಡನೆಯವನು ಅಮೋನಿಯಾ ತಿನ್ನುವವನು. ನಾಜೂಕು. ಚಳಿಯಾದರೆ ಮುನಿಸು, ಗಾಳಿ ಕಡಿಮೆಯಾದರೆ ಮುನಿಸು, ಮುನಿದರೆ ತಿಂಗಳು ಊಟ ಬಿಡುತ್ತಾನೆ. ಅವನು ಬಿಟ್ಟರೆ ಅಮೋನಿಯಾ ನೇರ ಹೊಳೆಗೆ. ಮೂರನೆಯವನು ಅವನ ಎಂಜಲು ನೈಟ್ರೇಟ್ ತಿಂದು ಸಾರಜನಕವನ್ನು ಗಾಳಿಗೆ ಊದಿಬಿಡುತ್ತಾನೆ. ಆದರೆ ಕುಡಿಸಿದರೆ ಮಾತ್ರ ಕೆಲಸ. ಮೂವರೂ ಒಂದೇ ಕೆಸರಿನವರು. ಪಂಪು ಆ ಕೆಸರನ್ನು ಕೊನೆಯಿಂದ ಮೊದಲಿಗೆ ಸುತ್ತಿಸುತ್ತಲೇ ಇರುತ್ತದೆ.

ನೀರು ಬೆರೆಸಿದ್ದು ಮನಸ್ಸಿಗೆ ಚುಚ್ಚುತ್ತಿದೆ. ಅಳಿಯನ ಲೋಟಕ್ಕೆ ನೀರು!


ಅಕ್ಟೋಬರ್ 12, ಗುರುವಾರ

ಹತ್ತಕ್ಕೆ ಎಂದಿನಂತೆ, ತೊಟ್ಟಿಗಳ ನೀರು ಪರೀಕ್ಷೆ ಮಾಡುವ ಸೆನಾದಾಳ ಲ್ಯಾಬ್‌ನಲ್ಲಿ ಕಾಫಿ. ಹನ್ನೊಂದಕ್ಕೆ ರಾಜಧಾನಿಯಿಂದ ಅತಿಥಿಗಳು. ಇಂಜಿನಿಯರ್ ಓಬ್ರೆನ್ ನನ್ನನ್ನು ಸಂತೆಯ ಕುದುರೆಯ ಹಾಗೆ ಮುಂದೆ ನಿಲ್ಲಿಸಿದರು.

"ಅಮೋನಿಯಾ ಮೀಟರ್ ಕೆಟ್ಟು ಏಳು ತಿಂಗಳಾಯ್ತು. ಹೊಸದು ಕೇಳಿದೀವಿ, ಕೊಟ್ಟಿಲ್ಲ. ಪರವಾಗಿಲ್ಲ, ನಮ್ಮ ಹತ್ರ ಇವರಿದಾರೆ. ಮೇಸ್ತ್ರಿ, ತೋರಿಸಿ."

ಎರಡನೆಯ ತೊಟ್ಟಿಯ ಮೇಲೆ ಬಾಗಿದೆ. ಕಣ್ಣು ಮುಚ್ಚಿದೆ. ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸಿದೆ. ಎಣಿಸದಿದ್ದರೆ ಜನಕ್ಕೆ ನಂಬಿಕೆ ಬರುವುದಿಲ್ಲ. "ಉತ್ತ ಹೊಲದ ವಾಸನೆ. ಆರೋ ಏಳೋ ಮಿಲಿಗ್ರಾಂ. ಅಳಿಯ ಆರೋಗ್ಯ."

ಲ್ಯಾಬ್ ಅಂಕಿ: ಆರು. ಚಪ್ಪಾಳೆ.

ನಮ್ಮ ದಾಖಲೆ ಪುಸ್ತಕದಲ್ಲಿ ಒಂದು ಕಾಲಮ್ಮಿದೆ. ತಲೆಬರಹ 'ಮೂಗು'. ಓಬ್ರೆನ್ ಸ್ವಂತ ಕೈಯಿಂದ ಗೆರೆ ಎಳೆದು ಮಾಡಿದ್ದು. ಸೋಮವಾರ, ಗುರುವಾರ ನಾನು ಅದರಲ್ಲಿ ಬರೆದು ರುಜು ಹಾಕಬೇಕು. ಮೂರು ವರ್ಷದಲ್ಲಿ ಒಮ್ಮೆಯೂ ಲ್ಯಾಬ್‌ಗೂ ನನಗೂ ಭಿನ್ನಾಭಿಪ್ರಾಯ ಬಂದಿಲ್ಲ. ಗಂಡ ಹೆಂಡಿರಲ್ಲೂ ಇಷ್ಟು ಹೊಂದಾಣಿಕೆ ಕಂಡವರಿಲ್ಲ. ಪೊಲೀಸ್ ನಾಯಿಗೂ ವರ್ಷಕ್ಕೆರಡು ಸಲ ತಪ್ಪುತ್ತದೆ!

ಅತಿಥಿಗಳು ಹೋದ ಮೇಲೆ ಸೆನಾದಾ, "ನಿನ್ನ ಮೂಗಿಗೂ ಪಿಂಚಣಿ ಬರತ್ತಾ, ವೆಸೆಲ್ಕೊ?"

"ಬಂದ್ರೆ ಹೊಳ್ಳೆಗೊಂದರಂತೆ ಎರಡು ಬರಬೇಕು ಅಕ್ಕ."

"ನನಗೆ ಒಂದು ಬಂದ್ರೆ ಸಾಕಪ್ಪ. ಇನ್ನು ಹತ್ತೊಂಬತ್ತು ತಿಂಗಳು. ಆ ದಿನ ಈ ಬಿಳಿ ಕೋಟನ್ನ ಒಲೆಗೆ ಹಾಕಿ, ಅದೇ ಬೆಂಕೀಲಿ ಕಾಫಿ ಮಾಡಿ ಕೊಡ್ತೀನಿ, ಬಾ."

ಇಪ್ಪತ್ತೆಂಟು ವರ್ಷದಿಂದ ಅದೇ ಲ್ಯಾಬ್, ಅದೇ ಮುಕ್ಕಾಲಿ ಸ್ಟೂಲು. ಗಂಡ ಇಲ್ಲ, ಮಕ್ಕಳಿಲ್ಲ. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲಿನಿಂದ ದಿನ ಹೊಡೆಯುತ್ತಾಳೆ.


ಅಕ್ಟೋಬರ್ 15, ಭಾನುವಾರ

ಅಡುಗೆಮನೆಯಲ್ಲೇ ಕೂತು ಪೇಪರ್ ಓದುತ್ತಿದ್ದೆ. ಒಲೆಯ ಮೇಲೆ ಬೀನ್ಸ್ ಕಾಳು ಹೊತ್ತಿ ಕರಕಲು. ಹೆಂಡತಿ ರೂಜಿತ್ಸ ಹಿತ್ತಿಲಿನಿಂದ ಓಡಿ ಬಂದಳು.

"ಬೀದಿ ಕೊನೆಗೇ ಸೀದ ವಾಸನೆ ಬರ್ತಿದೆ. ಪಕ್ಕದಲ್ಲೇ ಕೂತಿದೀಯ! ಮೂಗನ್ನ ಕಾರ್ಖಾನೇಲೇ ಬಿಟ್ಟು ಬಂದ್ಯಾ?"

"ಭಾನುವಾರ ಅದಕ್ಕೂ ರಜೆ ಕಣೆ," ಅಂದೆ. ಅವಳು ನಗಲಿಲ್ಲ.

ಊಟಕ್ಕೆ ಬ್ರೆಡ್ಡು, ಮೊಸರು.


ಅಕ್ಟೋಬರ್ 21, ಶನಿವಾರ. ಸಂಜೆ

ಬಾಮೈದ ಶಿಮುನ್ ಈ ವರ್ಷ ಅಟ್ಟದಲ್ಲಿದ್ದ ತಾತನ ಕಾಲದ ತಾಮ್ರದ ಹಂಡೆ ಇಳಿಸಿದ್ದಾನೆ. ಮೂವತ್ತು ವರ್ಷ ಮುಟ್ಟಿರಲಿಲ್ಲ, ಒಳಗೆಲ್ಲ ಹಸಿರು ಕಿಲುಬು. ಹಂಡೆ, ಕೊಳವೆ ಎಲ್ಲಕ್ಕೂ ವಿನಿಗರ್ ತುಂಬಿ ವಾರವಿಡೀ ನೆನೆಹಾಕಿ ತೊಳೆದನಂತೆ. ಹಂಡೆ ಈಗ ಕನ್ನಡಿ. ಹತ್ತೂರಿಗೆ ಬಾಡಿಗೆ. ಮನೆಯಲ್ಲಿ ಕಾಲೇ ನಿಲ್ಲುತ್ತಿಲ್ಲ.

ಮೊದಲ ಧಾರೆ ಕೇಳಲು ಫೋನ್ ಮಾಡಿದೆ. ಯಾವುದೋ ಊರಿನ ಭಟ್ಟಿಯ ಮುಂದೆ ಇದ್ದ. ಹಿಂದೆ ಹಾಡು.

"ಕೊಟ್ಟಿಗೇಲಿದೆ ಭಾವ, ತಗೊಂಡು ಹೋಗು. ಎರಡು ನೀಲಿ ಪೀಪಾಯಿ ಇದೆ ನೋಡು. ಒಂದು ಮೊದಲ ಧಾರೆ. ಇನ್ನೊಂದು ಹಂಡೆ ತೊಳೆದ ವಿನಿಗರ್, ಅದನ್ನ ಮುಟ್ಟಬೇಡ."

"ಯಾವುದು ಯಾವುದು?"

"ಮುಚ್ಚಳ ತೆಗೆದು ಮೂಸು. ನಿನ್ನ ಮೂಗಿಗೂ ಚೀಟಿ ಅಂಟಿಸಬೇಕಾ?"

ಸುತ್ತಲಿದ್ದವರೆಲ್ಲ ನಕ್ಕದ್ದು ಕೇಳಿಸಿತು. ನಾನೂ ನಕ್ಕೆ.

ಬಾಗಿಲ ಬಳಿ ಇದ್ದದ್ದನ್ನು ವ್ಯಾನಿಗೆ ಉರುಳಿಸಿದೆ. ಮೊದಲ ಧಾರೆಯನ್ನು ಯಾರೂ ನಾಲಿಗೆಗಿಟ್ಟು ನೋಡುವುದಿಲ್ಲ. ನಾನೂ ನೋಡಲಿಲ್ಲ.


ಅಕ್ಟೋಬರ್ 23, ಸೋಮವಾರ

ಕಾಫಿ. ಲ್ಯಾಬ್: ಏಳು. ಮೂಗು: ಸರಿ.

ಮಧ್ಯಾಹ್ನ ಶಿಮುನ್‌ನ ಪೀಪಾಯಿಯನ್ನು ಮೂರನೆಯ ತೊಟ್ಟಿಗೆ ಪೂರ್ತಿ ಬಗ್ಗಿಸಿದೆ. ಮಸುಕು ನೀಲಿ ಬಣ್ಣ, ಚಂದವಾಗಿತ್ತು. ಪೀಪಾಯಿಯ ಬಣ್ಣ ಬಿಟ್ಟಿರಬೇಕು. ಕುಡೀರಪ್ಪ ಅಳಿಯಂದಿರಾ.


ಅಕ್ಟೋಬರ್ 26, ಗುರುವಾರ

ಲ್ಯಾಬ್‌ನಲ್ಲಿ ಬೆಳಗ್ಗಿನಿಂದ ಕರೆಂಟಿಲ್ಲ. ಕಾಫಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಓಬ್ರೆನ್‌ಗೆ ದಾಖಲೆ ಪುಸ್ತಕ ಹತ್ತರೊಳಗೆ ಬೇಕು, ಯಾವುದೋ ಮೀಟಿಂಗು. ಕೆಸರಿನ ಬಣ್ಣ ಚಾಕೊಲೇಟಿನಂತೆಯೇ ಇತ್ತು. ಬರೆದೆ. ಮೂಗು: ಸರಿ. ರುಜು.

ಮೂರು ಗಂಟೆಗೆ ಸೆನಾದಾ ತೊಟ್ಟಿಯ ಮೆಟ್ಟಿಲಿನವರೆಗೂ ಬಂದಳು. ಅವಳು ಹೊರಗೆ ಬರುವವಳಲ್ಲ.

"ವೆಸೆಲ್ಕೊ, ನೂರಾ ನಲವತ್ತು ಬಂತು."

"ಏನು ನೂರಾ ನಲವತ್ತು?"

"ಅಮೋನಿಯಾ. ಎರಡು ಸಲ ಮಾಡ್ದೆ. ನಿನ್ನ ಮೂಗು ಏನನ್ನತ್ತೆ?"

ಪುಸ್ತಕ ಆಗಲೇ ಓಬ್ರೆನ್ ಮೇಜಿನ ಮೇಲಿತ್ತು. ಇಂಕಿನಲ್ಲಿ. ತೊಟ್ಟಿಯ ಮೇಲೆ ಬಾಗಿದೆ, ನಾಲ್ಕರವರೆಗೆ ಎಣಿಸಿದೆ.

"ಉತ್ತ ಹೊಲ. ನಿನ್ನ ಬಾಟಲಿಗಳು ಹಳೆಯವು ಅಕ್ಕ. ತಾರೀಖು ನೋಡಿದೀಯಾ? ಅವೂ ಪಿಂಚಣಿಗೆ ಬಂದಿರಬೇಕು."

ಕಂಕುಳಲ್ಲಿದ್ದ ನೋಟ್‌ಬುಕ್ ತೆರೆದಳು. "ಹೌದೇನೋ. ಕರೆಂಟು ಬೇರೆ ಹೋಗಿ ಬಂದು ಮಾಡ್ತು. ಸರಿ, ಇದನ್ನ ಹೊಡೆದುಹಾಕ್ತೀನಿ. ಹೊಸ ಬಾಟಲಿ ತರಿಸಿ ಸೋಮವಾರ ಮಾಡ್ತೀನಿ."

ನಾನು ಹೇಳಿದ ಮಾತಿಗೆ ತನ್ನ ಕೈಬರಹದ ಮೇಲೆ ತಾನೇ ಗೆರೆ ಎಳೆದಳು. ಇಪ್ಪತ್ತೆಂಟು ವರ್ಷದಲ್ಲಿ ಮೊದಲನೆಯ ಗೆರೆಯಂತೆ. ತಮಾಷೆಯಾಗಿ ಹೇಳಿದಳು.


ಅಕ್ಟೋಬರ್ 28, ಶನಿವಾರ

ಮೀನು.

ಗಾಳ ಹಾಕುವವರ ಸಂಘದ ಜನ ಸೇತುವೆಯಿಂದ ಕೆಳಗೆ ಒಂದು ಮೈಲಿ ನಡೆದು ಬಕೆಟ್‌ಗಟ್ಟಲೆ ಆರಿಸಿದ್ದಾರೆ. ಎಲ್ಲವನ್ನೂ ತಂದು ಓಬ್ರೆನ್ ಕಾರಿನ ಬಾನೆಟ್ ಮೇಲೆ ಸಾಲಾಗಿ ಜೋಡಿಸಿದರು. ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ಶಾಲೆಯ ಫೋಟೋದ ಹಾಗೆ.

ನೀರು ಬಿಡುವುದು ನಿಲ್ಲಿಸಿದೆವು. ಎರಡನೆಯ ತೊಟ್ಟಿ ಸತ್ತಿದೆ.


ಅಕ್ಟೋಬರ್ 31, ಮಂಗಳವಾರ

ಸತ್ತ ಕೆಸರನ್ನೆಲ್ಲ ಟ್ಯಾಂಕರಿಗೆ ಹೀರಿ ಸಾಗಿಸಿ, ಪಕ್ಕದ ಪಟ್ಟಣದಿಂದ ಜೀವಂತ ಕೆಸರು ತಂದು ಸುರಿದರು. ಮೂರು ದಿನ ಮನೆಗೆ ಹೋಗಿಲ್ಲ.

ಓಬ್ರೆನ್ ಕರೆಸಿದರು. ಮೇಜಿನ ಮೇಲೆ ಸೆನಾದಾಳ ನೋಟ್‌ಬುಕ್ ಬಿಚ್ಚಿಟ್ಟಿತ್ತು. ಹೊಡೆದುಹಾಕಿದ ಅಂಕಿಯ ಮೇಲೆ ಅವರ ಬೆರಳು.

"ಗುರುವಾರ ಈ ನಂಬರಿನ ಬಗ್ಗೆ ಆಯಮ್ಮ ನಿಮಗೇನಾದ್ರೂ ಹೇಳಿದ್ರಾ, ಮೇಸ್ತ್ರಿ?"

ಹೇಳಬಹುದಿತ್ತು. ಬಾಯಿ ತೆರೆದೆ. ಬಂದದ್ದು ಇದು:

"ಏನೋ... ಬಾಟಲಿ ಹಳೇದು ಅಂತ ಮಾತಾಡ್ತಿದ್ರು."

ಅಷ್ಟೇ. ಸುಳ್ಳೆನ್ನಲು ಬರುವುದಿಲ್ಲ. ಮಾತು ನಡೆದದ್ದು ನಿಜ. ಯಾರು ಹೇಳಿದರೆಂಬುದನ್ನು ಮಾತ್ರ ನುಂಗಿದೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.


ನವೆಂಬರ್ 1, ಬುಧವಾರ

ಸರ್ವಸಂತರ ದಿನ. ಸ್ಮಶಾನಕ್ಕೆ ಹೋದೆವು. ಸೇವಂತಿಗೆ, ಮೇಣದಬತ್ತಿ. ಮಾವನ ಕಲ್ಲು ಉಜ್ಜುತ್ತ ರೂಜಿತ್ಸ, "ನೀನ್ಯಾಕೆ ಸತ್ತವರಿಗಿಂತ ಸುಮ್ಮನಿದೀಯ?"

ಇನ್ನೊಂದು ಮೇಣದಬತ್ತಿ ಹಚ್ಚಿದೆ.


ನವೆಂಬರ್ 3, ಶುಕ್ರವಾರ

ಸೆನಾದಾಳನ್ನು ಮನೆಗೆ ಕಳಿಸಿದ್ದಾರೆ. ಹತ್ತನೆಯ ತಾರೀಖು ವಿಚಾರಣೆ. ಹೊರಗಿನಿಂದ ಇಬ್ಬರು, ಜೊತೆಗೆ ಓಬ್ರೆನ್.

ಅವರ ತರ್ಕ ಓಬ್ರೆನ್ ಬಾಯಲ್ಲೇ ಕೇಳಿದೆ. ಅವರಿಗೂ ಸಂತೋಷವಿಲ್ಲ, ಪಾಪ. "ನೋಡಿ ಮೇಸ್ತ್ರಿ. ಗುರುವಾರ ನಿಮ್ಮ ಮೂಗು 'ಸರಿ' ಅಂದಿದೆ. ಅಂದ್ರೆ ಗುರುವಾರ ತೊಟ್ಟಿ ಚೆನ್ನಾಗಿತ್ತು, ಆಯಮ್ಮನ ನಂಬರೇ ತಪ್ಪು. ಶುಕ್ರವಾರ ಲ್ಯಾಬ್‌ನ ಹಳೇ ಬಾಟಲಿಗಳೆಲ್ಲ ಮಾಯ. ಪಾದರಸ ಇರೋ ಔಷಧಿ. ಡ್ರೈವರ್ ಕೈಲಿ ವಾಪಸ್ ಕಳಿಸ್ದೆ ಅಂತಾರೆ, ಚೀಟಿ ಇಲ್ಲ. ಶನಿವಾರ ಮೀನು ಸತ್ತಿದೆ. ಸಿಂಕಿಗೆ ಸುರಿದಿದ್ದಾರೆ, ಅದು ತೊಟ್ಟಿಗೇ ಬರತ್ತೆ, ಇನ್ನೇನು? ಕೆಲಸ ಹೋಗತ್ತೆ."

ಪಿಂಚಣಿಗೆ ಹತ್ತೊಂಬತ್ತು ತಿಂಗಳು ಬಾಕಿ. ಈ ವಯಸ್ಸಿನಲ್ಲಿ ಅವಳಿಗೆ ಅಷ್ಟು ತಿಂಗಳ ಕೆಲಸ ಯಾರು ಕೊಡುತ್ತಾರೆ?

ಇಡೀ ಆರೋಪ ನನ್ನ ಮೂಗಿನ ಮೇಲೆ ನಿಂತಿದೆ. ಕನ್ನಡಕ ನಿಲ್ಲುವ ಜಾಗದಲ್ಲಿ ಒಬ್ಬ ಹೆಂಗಸಿನ ಬದುಕು.


ನವೆಂಬರ್ 5, ಭಾನುವಾರ

ಶಿಮುನ್ ಫೋನ್. ಗಾಬರಿ.

"ಭಾವ, ನನ್ನ ಹಂದಿ ಸಾಯ್ತಾ ಇದೆ!"

"ಪಶುವೈದ್ಯರಿಗೆ ಮಾಡು, ನನಗ್ಯಾಕೆ?"

"ಬಂದಿದ್ರು. ನೋಡಿ ನಕ್ಕುಬಿಟ್ಟು ಹೋದ್ರು. ಕುಡಿದಿದೆ ಅಂತೆ. ಗೋಡೆಗೆ ಒರಗಿ ನಿಲ್ಲತ್ತೆ, ನನ್ನ ಹೆಂಡತೀನ ನೋಡಿ ಅಳತ್ತೆ."

ವಿವರ: ಕೊಟ್ಟಿಗೆಯಲ್ಲಿ ಉಳಿದ ಪೀಪಾಯಿಯಲ್ಲಿರುವುದು ಹಂಡೆ ತೊಳೆದ ವಿನಿಗರ್ ಎಂದುಕೊಂಡು, ಹಂದಿಗೂಡಿನ ನೆಲ ತೊಳೆಯಲು ಸುರಿದಿದ್ದಾನೆ. ಹಂದಿ ನೆಲವನ್ನೆಲ್ಲ ನೆಕ್ಕಿದೆ.

"ಸುರಿಯುವಾಗ ವಾಸನೆ ಬರಲಿಲ್ವೇನೋ?"

"ಬಂತು ಭಾವ. ನಾನೂ ಕುಡಿದಿದ್ದೆ. ನನ್ನದೇ ಅಂದುಕೊಂಡೆ." ಆಮೇಲೆ ನಿಧಾನವಾಗಿ, "ಹಾಗಾದ್ರೆ... ನೀನು ತಗೊಂಡು ಹೋಗಿದ್ದು?"

ಫೋನ್ ಇಟ್ಟೆ.

ವಾರವಿಡೀ ತಾಮ್ರದ ಕಿಲುಬು ಕರಗಿದ ವಿನಿಗರ್. ಆ ಚಂದದ ನೀಲಿ. ತಾಮ್ರ ಅಂದರೆ ಎರಡನೆಯ ಅಳಿಯನಿಗೆ ಇಲಿಪಾಷಾಣ. ಮೂರನೆಯ ತೊಟ್ಟಿಗೆ ಸುರಿದದ್ದನ್ನು ಪಂಪು ಅವನವರೆಗೂ ಸುತ್ತಿಸಿದೆ. ಕೈಯಾರೆ ಬಡಿಸಿದ್ದೇನೆ. 'ಕುಡೀರಪ್ಪ' ಎಂದು ಉಪಚಾರ ಬೇರೆ.

ಹಂದಿ ಬದುಕುತ್ತದಂತೆ.


ನವೆಂಬರ್ 7, ಮಂಗಳವಾರ

ಹೇಳಿಬಿಡಲೆಂದೇ ಸೆನಾದಾಳ ಮನೆಗೆ ಹೋದೆ. ಬೈಯುತ್ತಾಳೆ, ಹಗುರಾಗುತ್ತೇನೆ ಎಂದುಕೊಂಡಿದ್ದೆ. ಕಾಫಿ ಮಾಡಿದಳು. ಸಕ್ಕರೆ ತುಂಡು ನನ್ನ ಕಡೆ ಸರಿಸಿದಳು.

"ನಾನೇ ಏನೋ ಮಾಡಿರಬೇಕು ವೆಸೆಲ್ಕೊ."

"ಏನು?"

"ಬಾಟಲಿ ಕಳಿಸಿದ್ದು ನೆನಪಿದೆ. ಡ್ರೈವರ್ ಮುಖ ನೆನಪಿದೆ. ಆದ್ರೆ ಒಂದೆರಡು ಸಿಂಕಿಗೆ ಹೋಯ್ತೇನೋ, ಕೈ ನಡುಗಿತೇನೋ, ರಾತ್ರಿಯೆಲ್ಲ ಯೋಚನೆ ಮಾಡ್ತೀನಿ. ಯಾಕಂದ್ರೆ ನಿನ್ನ ಮೂಗು ಮೂರು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ. ತಪ್ಪಿದ್ರೆ ನಾನೇ ತಪ್ಪಿರಬೇಕು ತಾನೆ?"

ಕಾಫಿ ಬಿಸಿಯಾಗಿತ್ತು. ಬಿಸಿ ಅನ್ನುವುದೊಂದೇ ಗೊತ್ತಾಯಿತು.

ಹೇಳಲಿಲ್ಲ. ಹೊರಡುವಾಗ ಕರ್ಚೀಫಿನಲ್ಲಿ ನಾಲ್ಕು ಸೇಬು ಕಟ್ಟಿ ಕೊಟ್ಟಳು. ತೆಗೆದುಕೊಂಡೆ. ತೆಗೆದುಕೊಂಡೆನಲ್ಲ!


ನವೆಂಬರ್ 9, ಗುರುವಾರ. ಸಂಜೆ

ಓಬ್ರೆನ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಪೀಪಾಯಿ, ವಿನಿಗರ್, ಹಂಡೆ, ಹಂದಿ. ಆ ಗುರುವಾರ ಸೆನಾದಾ ಬಂದು ಕೇಳಿದ್ದು, ಬಾಟಲಿ ಹಳೆಯದೆಂದವನು ನಾನೇ ಎಂಬುದು. ಎಲ್ಲ. ಅಂದುಕೊಂಡೆ, ಎಲ್ಲ.

ಅವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ನೀವು ಒಳ್ಳೆಯವರು ಮೇಸ್ತ್ರಿ. ಆದ್ರೆ ಕಥೆ ಕಟ್ಟೋಕೆ ಬರಲ್ಲ. ವಿನಿಗರ್‌ಗೂ ಮೊದಲ ಧಾರೆಗೂ ವ್ಯತ್ಯಾಸ ನನ್ನ ಅಜ್ಜಿಗೆ ಗೊತ್ತಾಗತ್ತೆ. ಅವರು ಸತ್ತು ಇಪ್ಪತ್ತು ವರ್ಷ ಆಯ್ತು. ಒಂದು ಪೀಪಾಯಿ ವಿನಿಗರನ್ನ ನೀವು, *ನೀವು*, ಗೊತ್ತಾಗದೆ ಸುರಿದ್ರಿ ಅಂತ ನಾನು ನಂಬಬೇಕಾ?"

"ಶಿಮುನ್‌ನ ಕೇಳಿ."

"ಬಾಮೈದ. ಇನ್ಯಾರು? ಆ ಹಂದೀನೂ ಸಾಕ್ಷಿಗೆ ಕರ್ಕೊಂಡು ಬರ್ತೀರಾ?"

"ಕೆಸರಲ್ಲಿ ತಾಮ್ರ ಇದ್ಯಾ ನೋಡಿ."

"ಆ ಕೆಸರು ಎಲ್ಲಿದೆ ಈಗ? ಟ್ಯಾಂಕರ್ ತಗೊಂಡು ಹೋಗಿ ಸುಟ್ಟಾಯ್ತು. ಮನೆಗೆ ಹೋಗಿ. ಆಯಮ್ಮನ ಮೇಲೆ ನಿಮಗೆ ಕರುಣೆ, ನನಗೂ ಇದೆ. ಆದ್ರೆ ನಿಮ್ಮ ಮೂಗಿನ ಹೆಸರು ಕೆಡಿಸ್ಕೋಬೇಡಿ."

ಎಂಥ ಮೂಗುದಾರ ನಾನೇ ಹೆಣೆದು ಹಾಕಿಕೊಂಡಿದ್ದೇನೆ. ನಿಜ ಹೇಳಿದರೂ ನಂಬದಷ್ಟು ಒಳ್ಳೆಯ ಹೆಸರು.

ಇನ್ನೊಂದು ಮಾತು ಉಳಿದಿದೆ. ಅದನ್ನು ಈ ಡೈರಿಗೂ ಹೇಳಿಲ್ಲ. ಇದನ್ನು ಯಾರೂ ಓದುವುದಿಲ್ಲ, ಆದರೂ ಹೇಳಿಲ್ಲ.


ನವೆಂಬರ್ 10, ಶುಕ್ರವಾರ. ಮಧ್ಯಾಹ್ನ 2.15

ಮುಗಿಯಿತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಯಾರೂ ನನ್ನ ಮೇಜಿಗೆ ಬಂದಿಲ್ಲ.

ಸೆನಾದಾ ಬಿಳಿ ಕೋಟು ಹಾಕಿಕೊಂಡೇ ಬಂದಿದ್ದಳು. ಇಸ್ತ್ರಿ ಮಾಡಿದ್ದು. ನಾನು ಪೀಪಾಯಿಯ ಕಥೆ ಮತ್ತೆ ಹೇಳಿದೆ. ಓಬ್ರೆನ್ ತಲೆ ಅಲ್ಲಾಡಿಸಿದರು. ಹೊರಗಿನಿಂದ ಬಂದಿದ್ದ ಹೆಂಗಸು, ಕನ್ನಡಕದವರು, ನನ್ನನ್ನೇ ನೋಡಿ ಕೇಳಿದರು:

"ಮುಚ್ಚಳ ತೆಗೆದು ನೀವೇ ಸುರಿದಿರಿ. ವಾಸನೆ ಬರಲಿಲ್ಲವಾ?"

"ಬರಲಿಲ್ಲ."

"ಯಾಕೆ?"

"ನನಗೆ ವಾಸನೆ ಬರಲ್ಲ."

ಓಬ್ರೆನ್, "ಅವತ್ತು ನೆಗಡಿ ಇತ್ತು ಅಂತಾರೆ ಮೇಡಂ..."

"ನೆಗಡಿ ಅಲ್ಲ ಇಂಜಿನಿಯರೇ. ಮೂರು ವರ್ಷದ ಹಿಂದೆ ಊರಿಗೆಲ್ಲ ಆ ಜ್ವರ ಬಂತಲ್ಲ, ನನಗೂ ಬಂತಲ್ಲ. ಜ್ವರ ಹೋಯ್ತು, ಜೊತೆಗೆ ಅದೂ ಹೋಯ್ತು. ವಿನಿಗರ್, ರಾಕಿಯಾ, ಹೆಂಡತಿ ಸಾರು, ಸತ್ತ ಮೀನು, ನನಗೆ ಎಲ್ಲ ಒಂದೇ."

ಹೆಂಗಸು ಪೆನ್ನು ಕೆಳಗಿಟ್ಟರು.

"ಹೇಳಬಹುದಿತ್ತಲ್ಲ?"

"ಆ ಕಾಲಮ್ಮಿಗೆ ಗೆರೆ ಎಳೆದು ಆಗಿತ್ತು."

ಹೆಂಗಸು ದಾಖಲೆ ಪುಸ್ತಕ ತಿರುವಿದರು. ಒಂದೊಂದೇ ಪುಟ. ಪುಸ್ತಕದ ಪಕ್ಕ ಲ್ಯಾಬ್ ನೋಟ್‌ಬುಕ್. "ಇದು ಹೇಗೆ ಸಾಧ್ಯ? ಮೂರು ವರ್ಷ, ವಾರಕ್ಕೆ ಎರಡು ಸಲ, ನಿಮ್ಮದೂ ಲ್ಯಾಬ್‌ದೂ ಒಂದೇ. ತೊಟ್ಟಿ ಕೆಟ್ಟಾಗ 'ಕೆಟ್ಟಿದೆ' ಅಂತಾನೂ ಸರಿಯಾಗಿ ಬರೆದಿದ್ದೀರಿ. ವಾಸನೆಯೇ ಬರದವರು?"

ಆಗ ಸೆನಾದಾ ತಲೆ ಎತ್ತಿದಳು. ಅಲ್ಲಿಯವರೆಗೆ ಮೇಜನ್ನೇ ನೋಡುತ್ತಿದ್ದವಳು. ಅವಳಿಗೆ ನನಗಿಂತ ಮೊದಲೇ ಹೊಳೆದುಬಿಟ್ಟಿತು, ಮುಖದಲ್ಲೇ ಕಂಡಿತು. ಕೋಪ ಇರಲಿಲ್ಲ. ಕೋಪವಿದ್ದಿದ್ದರೆ ಅದನ್ನೇ ಹಿಡಿದುಕೊಂಡು ನಿಲ್ಲುತ್ತಿದ್ದೆ.

ಹೇಳಿದೆ. ಅವಳ ಮುಖ ನೋಡುತ್ತಲೇ ಹೇಳಬೇಕಾಯಿತು. ಬೆಳಗ್ಗೆ ಹತ್ತಕ್ಕೆ ಸೆನಾದಾ ಕಾಫಿಗೆ ನೀರಿಡಲು ಹಿಂದಿನ ಕೋಣೆಗೆ ಹೋಗುತ್ತಾಳೆ. ನೋಟ್‌ಬುಕ್ಕನ್ನು ಮೇಜಿನ ಮೇಲೆ ತೆರೆದೇ ಬಿಟ್ಟಿರುತ್ತಾಳೆ. ನಾನು ಎದುರು ಕುರ್ಚಿಯಲ್ಲಿ. ಅಂಕಿಗಳನ್ನು ತಲೆಕೆಳಗಾಗಿ ಓದುವುದನ್ನು ಮೊದಲ ತಿಂಗಳಲ್ಲೇ ಕಲಿತೆ. ಆಮೇಲೆ ಅವಳ ಕಾಫಿ ಕುಡಿದು, ತೊಟ್ಟಿಗೆ ಹೋಗಿ, ಕಣ್ಣು ಮುಚ್ಚಿ, ನಾಲ್ಕರವರೆಗೆ ಎಣಿಸಿ, ಅವಳ ಅಂಕಿಯನ್ನೇ ನನ್ನ ಮೂಗಿನ ಹೆಸರಲ್ಲಿ ಹೇಳುತ್ತಿದ್ದೆ. ಆ ಗುರುವಾರ ಕರೆಂಟಿರಲಿಲ್ಲ, ಕದಿಯಲು ಅಂಕಿಯೂ ಇರಲಿಲ್ಲ.